ಶೋಕೇಸು, ಅಟ್ಟ, ಮೆಟ್ಟಿಲ ಕೆಳಗಿನ ಕೋಣೆ

ಮಲ್ಲೇಶ್ವರದ ಹಳೇ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವುದು ಅಂತ ತೀರ್ಮಾನ ಆದ ಮೇಲೆ ನನ್ನ ಸೋದರಮಾವನಿಗೆ ಶುರುವಾದ ಚಿಂತೆ ಮಂಚ, ಬೀರುಗಳದ್ದಲ್ಲ. ವೈನ್ ಬಾಟಲಿಗಳದ್ದು. "ಭಾನುವಾರ ಬಾರೋ. ಹೋಟೆಲಲ್ಲಿ ನೀನು ಇದನ್ನೇ ತಾನೇ ಮಾಡ್ತಿದ್ದಿದ್ದು? ಯಾವುದು ಇಟ್ಕೋಬೇಕು, ಯಾವುದು ಚೆಲ್ಲಬೇಕು ಹೇಳು" ಅಂತ ಫೋನ್ ಮಾಡಿದರು. ದೊಡ್ಡ ಹೋಟೆಲೊಂದರಲ್ಲಿ ಕೆಲವು ವರ್ಷ ವೈನ್ ಬಡಿಸಿದ್ದರಿಂದ ನಮ್ಮ ಮನೆಯವರ ನಡುವೆ ನನಗೆ ಈ ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಮರ್ಯಾದೆ ಇದೆ.

ಮಾವ ಕುಡಿಯುವುದು ಕಡಿಮೆ, ಕೂಡಿಡುವುದು ಜಾಸ್ತಿ. ಕೆಲಸದಲ್ಲಿದ್ದಾಗ ಹೊರದೇಶಕ್ಕೆ ಹೋದಾಗಲೆಲ್ಲ ಡ್ಯೂಟಿ ಫ್ರೀಯಿಂದ ಒಂದು ಬಾಟಲಿ ತರುತ್ತಿದ್ದರು. ಸ್ನೇಹಿತರು ಕೊಟ್ಟದ್ದು ಬೇರೆ. ಯಾರಾದರೂ ತೆಗೆಯೋಣ ಅಂದರೆ "ಇನ್ನೂ ಸ್ವಲ್ಪ ವರ್ಷ ಇರಲಿ, ಹಳೇದಾದಷ್ಟೂ ರುಚಿ" ಅನ್ನುವುದು ಅವರ ವಾಡಿಕೆ. ಹೋಟೆಲಿನಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠ ಇದಕ್ಕೆ ಪೂರ್ತಿ ಉಲ್ಟಾ. ಅಂಗಡಿಯಲ್ಲಿ ಸಿಗುವ ವೈನಿನಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲಿ ಅಂತಲೇ ಮಾಡಿದ್ದು. ಇಟ್ಟು ಹಣ್ಣಾಗಬೇಕಾದರೆ ಅದರಲ್ಲಿ ಹುಳಿಯೋ, ಸಿಹಿಯೋ, ಟ್ಯಾನಿನ್ ಅನ್ನುವ ಒಗರೋ ಸಾಕಷ್ಟು ಇರಬೇಕು. ಇಲ್ಲದಿದ್ದರೆ ಅದು ಹಣ್ಣಾಗುವುದಿಲ್ಲ, ಸುಮ್ನೆ ಹಳೆಯದಾಗುತ್ತದೆ.

ಏಪ್ರಿಲ್ ತಿಂಗಳು, ಬಿರುಬಿಸಿಲು. ಬಾಟಲಿಗಳು ಮೂರು ಕಡೆ ಹಂಚಿಹೋಗಿದ್ದವು. ನೋಡಲು ಚೆನ್ನಾಗಿದ್ದವೆಲ್ಲ ಹಾಲಿನ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕ, ಪುಟ್ಟ ಬಲ್ಬಿನ ಕೆಳಗೆ ನೆಟ್ಟಗೆ ನಿಂತಿದ್ದವು. ಡಬ್ಬಿ ಸಮೇತ ಬಂದವು ಅಟ್ಟದ ಮೇಲೆ. ಎಲ್ಲೂ ಜಾಗ ಸಾಲದೆ ಉಳಿದವು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಅಕ್ಕಿ ಡ್ರಮ್ಮು, ಉಪ್ಪಿನಕಾಯಿ ಜಾಡಿಗಳ ಹಿಂದೆ ಅಡ್ಡ ಮಲಗಿದ್ದವು. ಆ ಕೋಣೆಗೆ ಕಿಟಕಿ ಇಲ್ಲ, ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ. ಅಲ್ಲಿದ್ದವು ಮಾವನ ಲೆಕ್ಕದಲ್ಲಿ ಎರಡನೇ ದರ್ಜೆಯವು.

ನಾನು ಒಂದು ಡಿಜಿಟಲ್ ಥರ್ಮಾಮೀಟರ್ ಒಯ್ದಿದ್ದೆ. ಮಧ್ಯಾಹ್ನ ಅಟ್ಟದಲ್ಲಿ 37 ಡಿಗ್ರಿ, ಶೋಕೇಸಿನಲ್ಲಿ 32, ಮೆಟ್ಟಿಲ ಕೆಳಗೆ 26 ತೋರಿಸಿತು. ವೈನ್ ಇಡಲು 12ರಿಂದ 14 ಡಿಗ್ರಿ ಒಳ್ಳೆಯದು, ಗಾಳಿಯಲ್ಲಿ ತೇವಾಂಶ ಶೇಕಡಾ 60-70 ಇರಬೇಕು ಅನ್ನುತ್ತಾರೆ. ನಮ್ಮೂರಿನ ಯಾವ ಮನೆಯಲ್ಲೂ ಇದು ತಾನಾಗಿ ಸಿಗುವುದಿಲ್ಲ. ಬೆಂಗಳೂರು ತಂಪು ಅನ್ನುವ ಹೆಮ್ಮೆ ಈಗಲೂ ಇದೆ, ಇರಲಿ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಈ ಬಾಟಲಿಗಳಲ್ಲಿ ಕೆಲವು ಆ ಬೇಸಿಗೆಯನ್ನು ಅಟ್ಟದ ಮೇಲೆಯೇ ಕಳೆದಿವೆ.

ಬರೀ ಶಾಖ ಅಷ್ಟೇ ಆದರೆ ಹೇಗೋ ಏನೋ. ಅದರ ಏರಿಳಿತ ಇನ್ನೂ ಕೆಟ್ಟದ್ದು. ಬಿಸಿಯಾದಾಗ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ಅಂಚಿನಿಂದ ಸ್ವಲ್ಪ ಜಿನುಗುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಇದೇ ನಡೆದರೆ ಒಳಗೆ ಏನು ಉಳಿಯುತ್ತದೆ? ಅಟ್ಟದಿಂದ ಇಳಿಸಿದ ಬಾಟಲಿಗಳಲ್ಲಿ ಹಲವು ಕತ್ತಿನ ಹತ್ತಿರ ಅಂಟಂಟಾಗಿದ್ದವು. ಕಾರ್ಕ್ ಮೇಲೆದ್ದು ಹೊರಗಿನ ಹಾಳೆಯನ್ನು ಉಬ್ಬಿಸಿತ್ತು. ಅವನ್ನು ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಮಾವ ಬಿಡಬೇಕಲ್ಲ.

ಶೋಕೇಸಿನಲ್ಲಿ ಒಂದು ಬೋಜಲೆ ನುವೊ ಇತ್ತು. ಫ್ರಾನ್ಸಿನಲ್ಲಿ ಆ ವರ್ಷದ ದ್ರಾಕ್ಷಿಯಿಂದ ಕೆಲವೇ ವಾರಗಳಲ್ಲಿ ಮಾಡಿ, ನವೆಂಬರ್‌ನ ಮೂರನೇ ಗುರುವಾರ ಬಿಡುಗಡೆ ಮಾಡುವ ವೈನ್ ಅದು. ಮುಂದಿನ ಬೇಸಿಗೆಯೊಳಗೆ ಕುಡಿದು ಮರೆತುಬಿಡಬೇಕಾದದ್ದು. ಮಾವ ಅದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಪಾಡಿದ್ದರು. ಕಾರ್ಕ್ ಒಣಗಿ ಪುಡಿಪುಡಿಯಾಗಿತ್ತು. ನಿಲ್ಲಿಸಿಟ್ಟರೆ ಹಾಗೇ, ವೈನ್ ತಾಗುತ್ತಿದ್ದರೆ ಮಾತ್ರ ಕಾರ್ಕ್ ಒದ್ದೆಯಾಗಿ ಬಿಗಿಯಾಗಿರುತ್ತದೆ. ತಿರುಗಿಸಿ ತೆಗೆಯುವ ಸ್ಕ್ರೂ ಮುಚ್ಚಳದ ಬಾಟಲಿಗೆ ಈ ಮಲಗಿಸುವ ಕಟ್ಟಳೆ ಇಲ್ಲ. ಟೀ ಸೋಸುವ ಜಾಲರಿಯಲ್ಲಿ ಸೋಸಿ ಗ್ಲಾಸಿಗೆ ಹಾಕಿದೆ. ಬಣ್ಣ ಹಳೇ ಇಟ್ಟಿಗೆಯದ್ದು. ಮಾವ ಒಂದು ಗುಟುಕು ಕುಡಿದು ಏನೂ ಹೇಳದೆ ಸಿಂಕಿನ ಕಡೆ ನಡೆದರು.

ಬಿಳಿ ವೈನುಗಳ ಕಥೆ ಬೇಗ ಮುಗಿಯಿತು. ಬಣ್ಣವಿಲ್ಲದ ಗಾಜಿನ ಬಾಟಲಿ, ಮೇಲೆ ಹಗಲೆಲ್ಲ ಬೆಳಕು. ಒಂದೂ ಉಳಿದಿರಲಿಲ್ಲ.

ನನಗೆ ಆ ದಿನ ನಿಜಕ್ಕೂ ಕುತೂಹಲ ಇದ್ದದ್ದು ಬೇರೆಯದರ ಮೇಲೆ. ನಂದಿ ಬೆಟ್ಟದ ಕಡೆಯ ವೈನರಿಯೊಂದರಿಂದ ಮಾವ ಒಮ್ಮೆ ಒಂದು ಪೆಟ್ಟಿಗೆ ಕ್ಯಾಬರ್ನೆ-ಶಿರಾಜ್ ಅನ್ನುವ ಕೆಂಪು ವೈನ್ ತಂದಿದ್ದರು, ಲೇಬಲ್ ಮೇಲೆ 2015. ಅರ್ಧ ಶೋಕೇಸಿಗೆ, ಉಳಿದರ್ಧ ಮೆಟ್ಟಿಲ ಕೆಳಗೆ. ಅದೇ ತೋಟ, ಅದೇ ವರ್ಷ, ಅದೇ ಪೆಟ್ಟಿಗೆ. ಇಂಥ ಪರೀಕ್ಷೆ ಬೇಕು ಅಂತ ಯಾರೂ ಮಾಡುವುದಿಲ್ಲ. ಎರಡನ್ನೂ ತೆಗೆದು ಅಕ್ಕಪಕ್ಕದ ಗ್ಲಾಸಿಗೆ ಹಾಕಿ, ಯಾವುದು ಎಲ್ಲಿಯದು ಅಂತ ಹೇಳದೆ ಮಾವನ ಮುಂದಿಟ್ಟೆ.

ಅಷ್ಟರಲ್ಲಿ ಅತ್ತೆ ಬಂದರು. ಅತ್ತೆ ಒಂದು ಹನಿಯೂ ಮುಟ್ಟುವವರಲ್ಲ. ಆದರೆ ಅವರ ಮೂಗು ಅಂದರೆ ಮೂಗು, ಹಾಲು ಇನ್ನು ಒಂದು ಗಂಟೆಯಲ್ಲಿ ಒಡೆಯುತ್ತದೆ ಅಂತ ಈಗಲೇ ಹೇಳುತ್ತಾರೆ. "ಅತ್ತೆ, ಸುಮ್ನೆ ವಾಸನೆ ನೋಡಿ" ಅಂದೆ. ಮೊದಲನೆಯದನ್ನು ಮೂಸಿ, "ಇದು ಒಲೆ ಮೇಲೆ ಜಾಸ್ತಿ ಹೊತ್ತು ಬಿಟ್ಟ ಜಾಮು" ಅಂದರು. ಎರಡನೆಯದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. "ಇದರಲ್ಲಿ ಹಣ್ಣಿದೆ. ಮೆಣಸೂ ಇದೆ ಅಲ್ವಾ?" ಮೊದಲನೆಯದು ಶೋಕೇಸಿನದು. ಬೆಂದುಹೋದ ವೈನಿಗೆ ಹೋಟೆಲಿನಲ್ಲಿ ನಾವು ಹೇಳುತ್ತಿದ್ದ ಲಕ್ಷಣ ಥೇಟ್ ಅದೇ. ಎರಡನೆಯದು ಮೆಟ್ಟಿಲ ಕೆಳಗಿನದು. ಅದರ ಒಳ್ಳೇ ದಿನಗಳೂ ಕಳೆದಿದ್ದವು, ಆದರೂ ಊಟದ ಜೊತೆ ಖುಷಿಯಿಂದ ಕುಡಿಯುವ ಹಾಗಿತ್ತು. ಮಾವ ಎರಡನ್ನೂ ಮತ್ತೆ ಮತ್ತೆ ರುಚಿ ನೋಡಿದರು. ಆಮೇಲೆ ಶೋಕೇಸಿನ ಬಲ್ಬನ್ನು ಹೋಗಿ ಆರಿಸಿ ಬಂದರು. ಖಾಲಿ ಶೋಕೇಸಿನ ಬಲ್ಬು!

ಮೆಟ್ಟಿಲ ಕೆಳಗಿನವೆಲ್ಲ ಗೆದ್ದವು ಅಂತಲ್ಲ. ಅಲ್ಲಿಯದೇ ಇನ್ನೊಂದು ಬಾಟಲಿಗೆ ಅತ್ತೆ ಮೂಗು ಮುಚ್ಚಿಕೊಂಡು "ಮಳೆಯಲ್ಲಿ ನೆನೆದ ಗೋಣಿಚೀಲ" ಅಂದರು. ಅದು ಮಾವನ ತಪ್ಪಲ್ಲ, ಮನೆಯದೂ ಅಲ್ಲ. ಕೆಲವು ಕಾರ್ಕುಗಳಲ್ಲಿ ಬೂಷ್ಟಿನಿಂದ ಹುಟ್ಟುವ ಟಿಸಿಎ ಅನ್ನುವ ರಾಸಾಯನಿಕ ಇರುತ್ತದೆ. ಎಷ್ಟು ಚೆನ್ನಾಗಿ ಇಟ್ಟರೂ ಅಂಥ ಬಾಟಲಿ ಕೆಟ್ಟದ್ದೇ.

ಅಟ್ಟದ ಬಾಟಲಿಗಳಲ್ಲಿ ಸರಿಯಾಗಿದ್ದದ್ದು ಒಂದೇ, ಒಂದು ಮದೀರಾ. ಅದು ಕೆಡುವುದಿಲ್ಲ ಅಂತ ನಾನು ಮೊದಲೇ ಹೇಳಿದಾಗ ಮಾವ ನಂಬಲಿಲ್ಲ. ಮದೀರಾ ಪೋರ್ಚುಗಲ್‌ಗೆ ಸೇರಿದ ದ್ವೀಪ. ಹಿಂದೆ ಅಲ್ಲಿಂದ ಹಡಗಿನಲ್ಲಿ ಭಾರತದ ಕಡೆಗೆ ಹೊರಟ ವೈನ್ ಪೀಪಾಯಿಗಳು ದಾರಿಯುದ್ದಕ್ಕೂ ಬಿಸಿಲಲ್ಲಿ ಕಾದು ವಾಪಸ್ ಬಂದಾಗ ಇನ್ನೂ ರುಚಿಯಾಗಿರುತ್ತಿದ್ದವಂತೆ. ಈಗ ಹಡಗಿನ ಬದಲು ಬೇಕಂತಲೇ 45-50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. ಇಲ್ಲದಿದ್ದರೆ ಪೀಪಾಯಿಗಳನ್ನು ಬಿಸಿಯಾದ ಅಟ್ಟದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮೇಲೆ ಬ್ರಾಂದಿಯನ್ನೂ ಸೇರಿಸಿರುತ್ತಾರೆ. ಕೆಡುವುದಕ್ಕೆ ಅದರಲ್ಲಿ ಇನ್ನೇನೂ ಬಾಕಿ ಇರುವುದಿಲ್ಲ. "ಹಾಗಾದ್ರೆ ನಾನು ಸರಿಯಾಗೇ ಇಟ್ಟಿದ್ದೆ" ಅಂದರು ಮಾವ. ಆ ಒಂದು ಬಾಟಲಿಯ ಮಟ್ಟಿಗೆ ಒಪ್ಪಿಕೊಂಡೆ.

ಊಟ ಆದ ಮೇಲೆ ಹೊಸ ಫ್ಲ್ಯಾಟಿನ ಮಾತು ಬಂತು. ಮೇಲಿನ ಮಹಡಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಮೆಟ್ಟಿಲ ಕೆಳಗಿನ ಕೋಣೆ ಅಲ್ಲೆಲ್ಲಿ? ವೈನ್ ಫ್ರಿಜ್ ತರಲಾ ಅಂತ ಮಾವ ಕೇಳಿದರು. ಅದರಲ್ಲಿ ಎರಡು ಥರ. ಕಂಪ್ರೆಸರ್ ಇಲ್ಲದ್ದು ಅಗ್ಗ, ಸದ್ದಿಲ್ಲ, ನಡುಕವಿಲ್ಲ. ಆದರೆ ಅದು ಹೊರಗಿನ ಶಾಖಕ್ಕಿಂತ ಇಷ್ಟು ಡಿಗ್ರಿ ಅಂತ ಮಾತ್ರ ತಂಪು ಮಾಡಬಲ್ಲದು. ಕೋಣೆಯೇ 35 ಆದರೆ ಅದು ಏದುಸಿರು ಬಿಡುತ್ತದೆ. ಕಂಪ್ರೆಸರ್ ಇರುವುದು ನಮ್ಮ ಬೇಸಿಗೆಗೆ ಸರಿ, ಬೆಲೆ ಜಾಸ್ತಿ. ಉಳಿದ ಬಾಟಲಿಗಳ ಬೆಲೆ ಕೂಡಿದೆವು. ಫ್ರಿಜ್ಜಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಮಾವ ಪ್ರತಿವರ್ಷ ಒಳ್ಳೇ ವೈನ್ ಕೊಂಡು ಇಡುವವರಾಗಿದ್ದರೆ ತಗೊಳ್ಳಿ ಅನ್ನುತ್ತಿದ್ದೆ. ಕೆಲವು ಬಾಟಲಿಗಾಗಿ ಅದು ದಂಡ. ಅಡುಗೆಮನೆಯ ಫ್ರಿಜ್ಜು ಇದೆಯಲ್ಲ, ಕೆಲವು ವಾರಕ್ಕೆ ಅದೇ ಸಾಕು. ಒಳಗೆ 4 ಡಿಗ್ರಿ, ಒಣಗಾಳಿ, ವರ್ಷಗಟ್ಟಲೆ ಇಟ್ಟರೆ ಕಾರ್ಕ್ ಒಣಗುತ್ತದೆ, ಅಷ್ಟೇ. ಆ ದಿನ ತೆಗೆದು ಉಳಿದದ್ದನ್ನೂ ಮುಚ್ಚಿ ದೋಸೆಹಿಟ್ಟಿನ ಪಕ್ಕಕ್ಕೆ ಸೇರಿಸಿದೆವು. ಮೂರ್ನಾಲ್ಕು ದಿನ ಬರುತ್ತದೆ.

ಇಡಲು ಯೋಗ್ಯ ಅಂತ ನಾನು ಆರಿಸಿದ್ದು ಕೊನೆಗೆ ಒಂದೇ, ಮೆಟ್ಟಿಲ ಕೆಳಗೆ ಸಿಕ್ಕಿದ 2010ರ ಬರೋಲೊ. ಇಟಲಿಯ ಈ ವೈನನ್ನು ಮಾರಾಟಕ್ಕೆ ಬಿಡುವ ಮೊದಲೇ 38 ತಿಂಗಳು ಇಡಬೇಕು ಅಂತ ಅಲ್ಲಿ ಕಾನೂನಿದೆ. ಹುಳಿ, ಒಗರು ಎರಡೂ ಜೋರು, ಹಾಗಾಗಿ ತಡೆದುಕೊಂಡಿರಬಹುದು. ಮಟ್ಟ ಕತ್ತಿನಿಂದ ಇಳಿದಿರಲಿಲ್ಲ, ಕಾರ್ಕೂ ಅಲ್ಲಾಡಿರಲಿಲ್ಲ. ಥರ್ಮೋಕೋಲ್ ಡಬ್ಬದಲ್ಲಿ ಮಲಗಿಸಿ, ಉತ್ತರದ ಕಡೆಯ ಕೋಣೆಯ ವಾರ್ಡ್‌ರೋಬಿನ ತಳದಲ್ಲಿ ಇಡಿ, ಥರ್ಮಾಮೀಟರ್ ನೀವೇ ಇಟ್ಕೊಳ್ಳಿ ಅಂದೆ. ಈಗ ಮಾವ ದಿನಾ ವಾಟ್ಸಾಪಿನಲ್ಲಿ ಅದರ ಅಂಕಿ ಕಳಿಸುತ್ತಾರೆ. ಮೇ ತಿಂಗಳಲ್ಲಿ 28 ಮುಟ್ಟಿದಾಗ ಫೋನೇ ಬಂತು.

ದೀಪಾವಳಿಗೆ ಮಗಳು ಬರುತ್ತಾಳೆ, ಆಗ ತೆಗೆಯುವುದು ಅಂತ ನಿಶ್ಚಯವಾಗಿದೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ, ಬಗ್ಗಿಸುವಾಗ ಕೊನೆಯದನ್ನು ಬಿಟ್ಟುಬಿಡಿ ಅಂತ ಹೇಳಿದ್ದೇನೆ. "ಇನ್ನೂ ಸ್ವಲ್ಪ ವರ್ಷ ಇರಲಿ ಅಂದ್ರೆ ನಾನೇ ತೆಗೆದು ಗ್ಲಾಸಿಗೆ ಹಾಕಿಬಿಡ್ತೀನಿ" ಅಂತ ಅತ್ತೆ ಹೇಳಿದ್ದಾರೆ. ಕಾರ್ಕ್ ತೆಗೆಯುವುದು ಹೇಗೆ ಅಂತ ನನ್ನ ಹತ್ತಿರ ಕಲಿತೂ ಆಗಿದೆ.