ನೀರು ಹೊರಹಾಕೋ ಕೆಲಸ ಕಾಲಿಗೆ

ಮೂಲ್ಕಿ, 15 ಡಿಸೆಂಬರ್ 2024, ಭಾನುವಾರ

ಇವತ್ತು ಹುಣ್ಣಿಮೆ. ಅಳಿವೆಯಲ್ಲಿ ಉಬ್ಬರ, ಇಳಿತ ಎರಡೂ ಜೋರು. ಮಧ್ಯಾಹ್ನದ ಮೇಲೆ ಶಾಂಭವಿ, ನಂದಿನಿ ಎರಡೂ ಹೊಳೆಗಳ ನೀರು ಒಟ್ಟಿಗೆ ಕಡಲಿಗೆ ಇಳಿಯುತ್ತಿತ್ತು. ಎದುರಿಂದ ಕಡಲ ಗಾಳಿ. ಇಳಿತಕ್ಕೆ ಎದುರಾಗಿ ಗಾಳಿ ಬೀಸಿದರೆ ಅಲೆಗಳು ಹತ್ತಿರ ಹತ್ತಿರ, ಕಡಿದಾಗಿ ಏಳುತ್ತವೆ. ನಾನಿದ್ದದ್ದು ಕಯಾಕಿನಲ್ಲಿ, ಒಬ್ಬರೇ ಕೂತು ಹುಟ್ಟು ಹಾಕೋ ಕಿರಿದಾದ ದೋಣಿ. ಅದರ ಮೂತಿ ಅಲೆಗೆ ನುಗ್ಗಿ ಎದ್ದಾಗಲೆಲ್ಲ ನೀರು ಮಡಿಲಿಗೇ ಬರುತ್ತದೆ. ಕೂರೋ ಬಾಯಿಯನ್ನು ಮುಚ್ಚುವ ಹೊದಿಕೆ, ಸ್ಪ್ರೇ ಸ್ಕರ್ಟ್, ಸೊಂಟಕ್ಕೆ ಕಟ್ಟಿಕೊಂಡಿದ್ದರೂ ಅಂಚಿನಿಂದ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ.

10 ಲೀಟರ್ ನೀರು ಅಂದರೆ ಹೆಚ್ಚು ಕಡಿಮೆ 10 ಕಿಲೋ. ಅಷ್ಟು ಭಾರ ಕಯಾಕಿಗೆ ಏನೂ ಅಲ್ಲ. ಆದರೆ ನೀರು ಅಕ್ಕಿ ಮೂಟೆ ಹಾಗೆ ಒಂದೇ ಕಡೆ ಕೂರೋದಿಲ್ಲ. ಎಡಕ್ಕೆ ವಾಲಿದರೆ ಅದೂ ಎಡಕ್ಕೇ ಓಡಿ ಇನ್ನಷ್ಟು ವಾಲಿಸುತ್ತದೆ.

ಕೈಪಂಪು ಇದೆ. ಅದಕ್ಕೆ ಎರಡೂ ಕೈ ಬೇಕು, ಒಂದು ಕೊಳವೆ ಹಿಡಿಯೋಕೆ, ಇನ್ನೊಂದು ಹಿಡಿ ಎಳೆಯೋಕೆ. ಸ್ಕರ್ಟ್ ಬೇರೆ ಸರಿಸಬೇಕು. ಅಂಥ ಅಲೆಯಲ್ಲಿ ಹುಟ್ಟು ಕೆಳಗಿಟ್ಟರೆ ಕಯಾಕ್ ಅಡ್ಡ ತಿರುಗುತ್ತದೆ. ಜೊತೆಗೆ ತಮ್ಮ ಕಯಾಕಿನಲ್ಲಿ ಭಾವ ಇದ್ದರು. "ಭಾವ, ಸ್ವಲ್ಪ ಹಿಡ್ಕೊಳ್ಳಿ" ಅಂದರೆ ಪಕ್ಕಕ್ಕೆ ಬಂದು ನನ್ನ ಕಯಾಕಿನ ಮೇಲೆ ಒರಗಿ ಗಟ್ಟಿಯಾಗಿ ಹಿಡಿಯುತ್ತಾರೆ. ಆದರೆ ಹಿಡಿದಷ್ಟು ಹೊತ್ತೂ ಇಳಿತ ಇಬ್ಬರನ್ನೂ ಅಳಿವೆ ಬಾಯಿಗೆ ಒಯ್ಯುತ್ತಿರುತ್ತದೆ, ಅಲ್ವಾ?

ಮೀನು ಹಿಡಿಯೋ ದೋಣಿಯಲ್ಲಿ ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಕತ್ತರಿಸಿದ ಕ್ಯಾನಿನಲ್ಲಿ ನೀರು ಮೊಗೆದು ಚೆಲ್ಲುತ್ತಾರೆ. ಕಯಾಕಿನಲ್ಲಿ ಆ ಇನ್ನೊಬ್ಬರಿಲ್ಲ. ಖಾಲಿ ಇರೋದು ಕಾಲು ಮಾತ್ರ. ಅದಕ್ಕೇ ನಾನು ಕಾಲುಪಂಪು ಕೂರಿಸಿಕೊಂಡಿದ್ದು.

ಪಾದ ಊರುವ ಹಲಗೆಯ ಮಧ್ಯೆ ಅಂಗೈಯಷ್ಟು ಅಗಲದ ರಬ್ಬರ್ ಗುಳ್ಳೆ. ಅದಕ್ಕೆ ಒಂದೇ ದಿಕ್ಕಿಗೆ ತೆರೆಯೋ ಎರಡು ವಾಲ್ವ್. ಒಂದು ಪೈಪಿನ ತುದಿ ಸೀಟಿನ ಹತ್ತಿರ ತಳಕ್ಕೆ ತಾಗಿರುತ್ತದೆ, ಇನ್ನೊಂದು ಡೆಕ್ಕಿಗೆ, ಅಂದರೆ ಕಯಾಕಿನ ಮೇಲಿನ ಮುಚ್ಚಿಗೆಗೆ ಹೋಗುತ್ತದೆ. ಬಲಗಾಲಿನ ಹೆಬ್ಬೆರಳ ಬುಡದಿಂದ ಒತ್ತಿದರೆ ಡೆಕ್ಕಿನ ತೂತಿನಿಂದ ಬೆರಳು ದಪ್ಪದ ನೀರು ಚಿಮ್ಮುತ್ತದೆ. ಬಲಕ್ಕೆ ಹುಟ್ಟು ಎಳೆಯುವಾಗ ಬಲಗಾಲು ಹೇಗೂ ಹಲಗೆ ಒತ್ತುತ್ತದೆ, ಅದೇ ಹೊತ್ತಿಗೆ ಪಂಪೂ ಒತ್ತಿದರಾಯಿತು. ಒಂದು ಒತ್ತಿಗೆ ಬರೋದು ಸ್ವಲ್ಪವೇ. ಕೈಪಂಪಿನಷ್ಟು ಬೇಗ ಖಾಲಿಯಾಗೋದಿಲ್ಲ. ಆದರೆ ಸ್ಕರ್ಟ್ ತೆಗೆಯಬೇಕಿಲ್ಲ, ಹುಟ್ಟು ನಿಲ್ಲಿಸಬೇಕಿಲ್ಲ. ಇವತ್ತು ಸೇತುವೆ ಕಡೆಗೆ ತಿರುಗುವಷ್ಟರಲ್ಲಿ ತೊಡೆ ಕೆಳಗಿನ ನೀರು ಹೋಗಿ ತಳ ಕಾಣುತ್ತಿತ್ತು. ಎಷ್ಟು ನೆಮ್ಮದಿ ಅಂತೀರಿ!

ಬ್ಯಾಟರಿ ಪಂಪು ಇನ್ನೂ ಸುಲಭ, ಸ್ವಿಚ್ ಒತ್ತಿದರೆ ಸಾಕು. ಆದರೆ ನಮ್ಮ ಉಪ್ಪು ನೀರಿಗೆ ವೈರ್ ಜಾಯಿಂಟುಗಳು ಬೇಗ ಹಸಿರುಗಟ್ಟುತ್ತವೆ. ತಳದಲ್ಲಿ ಕೂರಿಸೋ ಬೈಲರ್ ಅನ್ನೋ ಕಿಂಡಿ, ಕಯಾಕ್ ಜೋರಾಗಿ ಹೋಗುವಾಗ ನೀರನ್ನು ತಾನೇ ಹೊರಗೆಳೆಯುತ್ತದೆ, ನಿಧಾನವಾದರೆ ಹೊರಗಿನ ನೀರು ಅದರಿಂದಲೇ ಒಳಗೆ ಬರಬಹುದು. ಒಳಗೆ ಕೂರದೆ ಮೇಲೆ ಕೂರುವ ಥರದ ಕಯಾಕಿಗೆ ತೂತುಗಳೇ ಇರುತ್ತವೆ, ಕೂರೋ ಜಾಗದ ನೀರು ತಾನಾಗೇ ಇಳಿದುಹೋಗುತ್ತದೆ.

ಸಂಜೆ ಬಾವಿ ನೀರಲ್ಲಿ ಪಂಪು ತೊಳೆದೆ. ವಾಲ್ವಿನಲ್ಲಿ ಮರಳಿನ ಕಾಳು ಉಳಿದರೆ ಅದು ಪೂರ್ತಿ ಮುಚ್ಚೋದಿಲ್ಲ. ಭಾವನ ಕಯಾಕಿನ ಹಲಗೆ ಅಳತೆಯನ್ನೂ ತಗೊಂಡಿದ್ದೇನೆ. ಬರುವ ಭಾನುವಾರ ಅವರಿಗೂ ಒಂದು ಪಂಪು ಕೂರಿಸೋದು.