ಹದಿನೆಂಟೋ, ಇಪ್ಪತ್ತೋ?

ಜಾಜ್‌ಗೆ ಅಂತ ಚಿಕ್ಕ ಡ್ರಮ್ ಸೆಟ್ ನೋಡೋಕೆ ಇವತ್ತು ಬಳ್ಳಾರಿಯ ಗೆಳೆಯನ ಮನೆಗೆ ಹೋಗಿದ್ದೆ. ಕಾಲಲ್ಲಿ ಬಾರಿಸೋ 18 ಇಂಚಿನ ಬೇಸ್ ಡ್ರಮ್, ಕೋಲಲ್ಲಿ ಬಾರಿಸೋ 12ರ ಟಾಮ್, ನೆಲದ ಮೇಲೆ ನಿಲ್ಲೋ 14ರ ಫ್ಲೋರ್ ಟಾಮ್. ಎಲ್ಲಾ ಒಂದೇ ಆಟೋದಲ್ಲಿ ಹಿಡಿಸುತ್ತದೆ.

ಪೆಡಲ್ ತುಳಿದೆ. ಬುಂಮ್... ಒಳಗೆ ದಿಂಬು ತುರುಕಿಲ್ಲ, ಹೆಡ್ (ಪೆಟ್ಟು ಬೀಳೋ ಹೊದಿಕೆ) ಬಿಗಿಯಾಗಿದೆ, ಹಾಗಾಗಿ ಸದ್ದು ದುಂಡಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೆಲ್ಲಗೆ ಬಾರಿಸಿದರೆ ಇನ್ನೂ ಸೊಗಸು. ಆದರೆ ಎದೆಗೆ ಬಡಿಯೋ ಗುದ್ದು ಇಲ್ಲ. ಅದು ಬೇಕಂದ್ರೆ 20ಕ್ಕೆ ಹೋಗಬೇಕು, ಹೊರೋಕೆ ಭಾರ ಜಾಸ್ತಿ. ಇನ್ನೊಂದು ತಾಪತ್ರಯ, ಚಿಕ್ಕ ಡ್ರಮ್ಮಿಗೆ ಬೀಟರ್, ಅಂದ್ರೆ ಪೆಡಲ್‌ನ ಬಡಿಗೆ, ನಡುವೆ ಬೀಳಲ್ಲ. ಕೆಳಗೆ ರೈಸರ್ ಅನ್ನೋ ಆಸರೆ ಹಾಕಿ ಡ್ರಮ್ ಎತ್ತಬೇಕು.

ಡೊಳ್ಳು ಕೇಳಿ ಬೆಳೆದ ಕಿವಿ, ಗುದ್ದು ಬೇಕು ಅನ್ನುತ್ತೆ ನೋಡಿ! ಆದರೂ ಜಾಜ್‌ನಲ್ಲಿ ಹೆಚ್ಚಾಗಿ ತಾಳ ನಡೆಸೋದು ರೈಡ್ ಸಿಂಬಲ್ ಅನ್ನೋ ದೊಡ್ಡ ಲೋಹದ ತಟ್ಟೆ ಅಲ್ವಾ? ದುಡ್ಡು ಅದಕ್ಕೇ ಹಾಕ್ತೀನಿ. ಡ್ರಮ್ 18ರದ್ದೇ ಸಾಕು.