ಕುಟ್ಟದ ಲೆಕ್ಕ ಸಿಕ್ಕಿಹಾಕಿಕೊಂಡ ದಿನ

ಗೋಣಿಕೊಪ್ಪದ ಒಂದು ಕಾಫಿ ಖರೀದಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ರೊಬಸ್ಟಾ ಚೆರಿ ಮೂಟೆಗಳು ಬಂದು ಬೀಳುವ ಸಮಯ. "ಅಣ್ಣಾ, ಬೇರೆ ಊರಿನ ಲೆಕ್ಕ ಎಲ್ಲ ಬರ್ತಿದೆ, ಕುಟ್ಟದ ಲೆಕ್ಕ ಮಾತ್ರ ಸುತ್ತುತ್ತಾನೇ ಇದೆ" ಅಂತ ಅಲ್ಲಿನ ಹುಡುಗಿ ಫೋನ್ ಮಾಡಿದಳು.

ಡೇಟಾಬೇಸ್ ಪೋಸ್ಟ್‌ಗ್ರೆಸ್. ಆ ಲೆಕ್ಕ ಕೇಳುವ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ಓಡಿಸಿದೆ; ಅದು ಯಾವ ದಾರಿ ಹಿಡಿಯಿತು, ಅಂದಾಜೆಷ್ಟು, ನಿಜವಾಗಿ ಸಿಕ್ಕಿದ್ದೆಷ್ಟು ಅಂತ ತೋರಿಸುತ್ತದೆ. ದಾರಿ ಆರಿಸುವ ಭಾಗವಾದ ಪ್ಲಾನರ್‌ನ ಅಂದಾಜು 1 ಸಾಲು. ಸಿಕ್ಕಿದ್ದು 200.

ಅಲ್ಲಿ ಪ್ರತಿ ದಾರಿಯ ಜೊತೆ ಕಾಣುವ ಕಾಸ್ಟ್, ಅಂದರೆ ಖರ್ಚಿನ ಅಂದಾಜು, ಸೆಕೆಂಡಿನ ಲೆಕ್ಕವಲ್ಲ. ಡಿಸ್ಕ್‌ನ ಒಂದು ಪುಟವನ್ನು ಸಾಲಾಗಿ ಓದಿದರೆ 1, ಎಲ್ಲೆಲ್ಲೋ ಹಾರಿ ಓದಿದರೆ 4, ಒಂದು ಸಾಲನ್ನು ನೋಡುವುದಕ್ಕೆ 0.01. ಪೋಸ್ಟ್‌ಗ್ರೆಸ್ ಇಟ್ಟುಕೊಂಡು ಬರುವ ಬೆಲೆಗಳು ಇವು. ಎಷ್ಟು ಸಾಲು ಬರಬಹುದು ಅನ್ನುವ ಅಂದಾಜಿನ ಮೇಲೆ ಇವನ್ನು ಕೂಡಿಸಿ, ಯಾವ ದಾರಿ ಅಗ್ಗವೋ ಅದನ್ನು ಹಿಡಿಯುತ್ತದೆ. ಸಾಲಿನ ಅಂದಾಜೇ ಕೆಟ್ಟರೆ ಉಳಿದ ಲೆಕ್ಕವೆಲ್ಲ ಸುಮ್ನೆ.

ಮೂಟೆಯಿಂದ ಒಂದಿಷ್ಟು ಚೆರಿ ತೆಗೆದು, ಸಿಪ್ಪೆ ಬಿಡಿಸಿ ತೂಗಿ, ಇಡೀ ಲಾಟಿನ ಔಟ್‌ಟರ್ನ್ (ಚೆರಿಗೆ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಹೇಳ್ತಾರೆ ಅಲ್ವಾ? ಅಂದಾಜಿಗೆ ಬೇಕಾದ ಅಂಕಿಅಂಶ ಕೂಡಿಹಾಕುವ ಅನಲೈಜ್ ಅನ್ನುವ ಬೇರೆ ಆಜ್ಞೆ ಕೂಡ ಹಾಗೇ. ಮಾಮೂಲಿ ಸೆಟ್ಟಿಂಗ್‌ನಲ್ಲಿ 30,000 ಸಾಲು ಆರಿಸಿ ನೋಡುತ್ತದೆ. ನಮ್ಮ ಸ್ಯಾಂಪಲ್‌ನಲ್ಲಿ ದೋಷ ಇರಲಿಲ್ಲ. ಟೇಬಲ್‌ನಲ್ಲಿ 1 ಲಕ್ಷ ಸಾಲು. ಪೊನ್ನಂಪೇಟೆ ತಾಲೂಕು 4ರಲ್ಲಿ 1, ಶ್ರೀಮಂಗಲ ಹೋಬಳಿ 50ರಲ್ಲಿ 1, ಕುಟ್ಟ 500ರಲ್ಲಿ 1. ಮೂರೂ ಸರಿ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ಪ್ಲಾನರ್ ಮೂರನ್ನೂ ಗುಣಿಸಿತ್ತು: ಲಕ್ಷಕ್ಕೆ 1. ಕುಟ್ಟ ಅಂದಮೇಲೆ ಶ್ರೀಮಂಗಲವೇ, ಪೊನ್ನಂಪೇಟೆಯೇ. ಅದಕ್ಕೆ ಇದು ಹೇಗೆ ಗೊತ್ತಾಗಬೇಕು?

ಒಂದೇ ಸಾಲು ತಾನೇ ಅಂತ ನೆಸ್ಟೆಡ್ ಲೂಪ್ ಹಿಡಿದಿತ್ತು, ಅಂದರೆ ಒಂದು ಕಡೆಯ ಪ್ರತಿ ಸಾಲಿಗೂ ಇನ್ನೊಂದು ಕಡೆಯನ್ನು ಮತ್ತೆ ನೋಡುವ ದಾರಿ. ಬೆಳೆಗಾರವಾರು ಪಾವತಿಯನ್ನೆಲ್ಲ ಕೂಡಿಸುವ ಒಳಗಿನ ಕ್ವೆರಿಯನ್ನು 200 ಸಲ ಮೊದಲಿಂದ ಓಡಿಸಿತು. ಒಂದು ಕಡೆಯನ್ನು ಒಮ್ಮೆ ಓದಿ ಪಟ್ಟಿ ಮಾಡಿಟ್ಟು ಹೊಂದಿಸುವ ಹ್ಯಾಶ್ ಜಾಯಿನ್ ಆಗಿದ್ದರೆ ಒಂದೇ ಸಲ.

ನೆಸ್ಟೆಡ್ ಲೂಪನ್ನೇ ಆಫ್ ಮಾಡಿಬಿಡಿ ಅನ್ನುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಬೇರೆ ಎಷ್ಟೋ ಕ್ವೆರಿಗೆ ಅದೇ ಒಳ್ಳೆಯ ದಾರಿ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಅನ್ನುವ ಆಜ್ಞೆ ಇದೆ. ಮೂರೂ ಕಾಲಂಗಳ ನಂಟನ್ನು ಅದರಲ್ಲಿ ಹೇಳಿ ಮತ್ತೆ ಅನಲೈಜ್ ಓಡಿಸಿದೆ. ಅಂದಾಜು 200ರ ಹತ್ತಿರ ಬಂತು, ಹ್ಯಾಶ್ ಜಾಯಿನ್ ತಾನಾಗಿ ಬಂತು.

ತಳಿ ಮತ್ತು ಸಂಸ್ಕರಣೆಯ ಕಾಲಂಗಳಲ್ಲೂ ಇದೇ ಗಂಟಿದೆ. ನಮ್ಮ ಅಂಗಡಿಗೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಬಂದರೆ ಬಹುಪಾಲು ಅರೇಬಿಕಾ, ಆದರೆ ಯಾವಾಗಲೂ ಅಲ್ಲ. ಅದಕ್ಕೆ 12ನೇ ಆವೃತ್ತಿಯಲ್ಲಿ ಬಂದ, ಹೆಚ್ಚು ಸಲ ಬರುವ ಜೋಡಿಗಳು ಎಷ್ಟೆಷ್ಟು ಅಂತ ಬರೆದಿಡುವ ಎಂಸಿವಿ ಬಗೆಯ ಸ್ಟ್ಯಾಟಿಸ್ಟಿಕ್ಸ್ ಹಾಕಿದ್ದೇನೆ.